ಅಜ್ಜಿಯರ ಮನೆಯ ಸೊಸೆ

ನಿಮ್ಮ ಅಪ್ಪ ಹುಟ್ಟಿದ್ದು ಯಾವ ಮನೆಯಲ್ಲಿ ಎಂದು ನೀವು ಕೇಳಿದಾಗಲೆಲ್ಲ ನಾನು ‘ದೇವನಹಳ್ಳಿಯಲ್ಲಿ, ನನ್ನ ತವರಿನಲ್ಲಿ’ ಎಂದು ಹೇಳಿ, ಏನಾದರೂ ಕೆಲಸ ಹುಡುಕಿಕೊಂಡು ಒಳಗೆ ಹೋಗಿಬಿಡುತ್ತಿದ್ದೆ. ಅದು ಸುಳ್ಳಲ್ಲ. ಆದರೆ ಆ ತವರಿನಲ್ಲಿ ನನ್ನ ತಂದೆ ತಾಯಿ ಇರಲಿಲ್ಲ. ಅದು ಗಂಡನೂ ಇಲ್ಲದೆ, ಗಂಡುಮಕ್ಕಳೂ ಇಲ್ಲದೆ ಉಳಿದ ಮುದುಕಿಯರ ಮನೆ. ಊರವರು ಅಜ್ಜಿಯರ ಮನೆ ಎನ್ನುತ್ತಿದ್ದರು. ಬಾಯಿ ಕೆಟ್ಟವರು ಇನ್ನೇನೋ ಎನ್ನುತ್ತಿದ್ದರು. ಅಲ್ಲಿದ್ದ ಒಬ್ಬರ ವಿಷಯ ನಿಮಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳು ಎಂದರೆ ನನ್ನಿಂದ ಆಗುವುದಿಲ್ಲ. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದೇ ಬಹಳ ತಡವಾಗಿ. ಯಾರ ಮುಂದೆಯೂ ಅಳುವ ಹಾಗಿರಲಿಲ್ಲ. ಅವರ ಹೆಸರು ಬರೆಯುವುದಿಲ್ಲ. ಆ ಮನೆಯಲ್ಲಿಯೂ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅಲ್ಲಿನ ಮುದುಕಿಯರಿಗೆಲ್ಲ ಅವರು ‘ಸೊಸೆ’.

ನಾನು ತಬ್ಬಲಿ. ದೊಡ್ಡಬೆಳವಂಗಲದಲ್ಲಿ ನನ್ನ ತಾಯಿಯ ತಾಯಿ ನನ್ನನ್ನು ಸಾಕಿ, ಊರ ಶಾಲೆಯಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಓದಿಸಿ, ನಲ್ಲೂರಿಗೆ ಮದುವೆ ಮಾಡಿಕೊಟ್ಟರು. ಆಮೇಲೆ ಅಜ್ಜಿಗೆ ಊರಿನಲ್ಲಿ ನಿಲ್ಲಲು ನೆಲೆಯಿರಲಿಲ್ಲ. ಕೊಟ್ಟ ಹೆಣ್ಣಿನ ಮನೆಯಲ್ಲಿ ಹೋಗಿ ಉಣ್ಣುವುದು ಆಗಿನ ಕಾಲಕ್ಕೆ ಭಿಕ್ಷೆಗಿಂತ ಕಡೆ. ಹಾಗಾಗಿ ಅವರು ದೇವನಹಳ್ಳಿಯ ಆ ಮನೆ ಸೇರಿದರು. ಅದನ್ನು ನಡೆಸುತ್ತಿದ್ದವರು ಮಕ್ಕಳಿಲ್ಲದ ಒಬ್ಬ ಜಮೀನುದಾರರ ವಿಧವೆ. ಎಲ್ಲರೂ ದೊಡ್ಡಮ್ಮನವರು ಎನ್ನುತ್ತಿದ್ದರು. ಮುಂದಿನ ಭಾಗದಲ್ಲಿ ಅವರಿದ್ದು, ಹಿಂದಿನ ಹಜಾರದಲ್ಲಿ ಸಾಲಾಗಿ ಹಗ್ಗದ ಮಂಚ ಹಾಕಿಸಿದ್ದರು. ಮಂಚ ಸಿಕ್ಕಿತು ಎಂದರೆ ಸಾಯುವವರೆಗೂ ಊಟ, ಬಟ್ಟೆ, ಕಾಯಿಲೆ ಬಿದ್ದರೆ ಆರೈಕೆ ಎಲ್ಲ ಸಿಕ್ಕಿದ ಹಾಗೆ. ಕೈಲಾದವರು ಜಗಲಿಯಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಆಗದವರು ಮಲಗಿಕೊಂಡೇ ಕುಟ್ಟುವವರಿಗೆ ಬುದ್ಧಿ ಹೇಳುತ್ತಿದ್ದರು.

ಮಂಚ ವಿಧವೆಯರಿಗೆ ಮಾತ್ರ. ದೊಡ್ಡಮ್ಮನವರ ಕಟ್ಟಳೆ ಅದು. ಸೊಸೆಗೆ ಮಂಚ ಇಲ್ಲದ್ದು ಅದಕ್ಕೇ. ಅವರ ಹಣೆಯಲ್ಲಿ ಕಾಸಗಲ ಕುಂಕುಮ ಇತ್ತು. ಬೆಳಿಗ್ಗೆ ಎದ್ದು ಹಣೆಗೆ ಜೇನುಮೇಣ ಒತ್ತಿ, ಅದರ ಮೇಲೆ ಕುಂಕುಮ ಮೆತ್ತಿ, ಕನ್ನಡಿ ನೋಡದೆ ಬೆರಳಿನಲ್ಲೇ ದುಂಡಗೆ ತಿದ್ದುತ್ತಿದ್ದರು. ಗಂಡ ಚಿನ್ನದ ಗಣಿಯ ಕೆಲಸಕ್ಕೆಂದು ಕೋಲಾರದ ಕಡೆ ಹೋದವನು ತಿರುಗಿ ಬಂದಿರಲಿಲ್ಲ. ಅವರ ತಲೆಗೂದಲು ಕಪ್ಪಾಗಿದ್ದಾಗ ಹೋದವನು. ನಾನು ನೋಡುವಾಗ ಅದು ಪೂರ್ತಿ ಬೆಳ್ಳಗಾಗಿತ್ತು. ಆ ಮನೆಯಲ್ಲಿ ಅವರು ಇರುವವರ ಲೆಕ್ಕಕ್ಕೆ ಸೇರಿದವರಲ್ಲ, ಕೆಲಸದವರು. ರಾಗಿ ಬೀಸುವ ಕೋಣೆಯಲ್ಲಿ ಬೀಸುಕಲ್ಲಿನ ಪಕ್ಕ ಚಾಪೆ. ಮಂಡಿ ಎರಡೂ ಊದಿಕೊಂಡು, ಬೀಸುಕಲ್ಲಿನ ಗೂಟ ಹಿಡಿದೇ ಮೇಲೆ ಏಳುತ್ತಿದ್ದರು.

ದೊಡ್ಡಮ್ಮನವರು ಕೆಟ್ಟವರಲ್ಲ. ಎಷ್ಟೋ ಸಲ ಹೇಳಿದ್ದರಂತೆ. “ಹೋದೋನು ಇನ್ನು ಬರ್ತಾನೇನೆ? ಅಳಿಸ್ಕೊಂಡು ಬಾ, ನಾಳೆನೇ ಮಂಚ ಹಾಕಿಸ್ತೀನಿ.”

“ಬರ್ದಿದ್ರೂ ಎಲ್ಲೋ ಒಂದ್ಕಡೆ ಅವ್ರಲ್ಲ ದೊಡ್ಡಮ್ಮಾರೆ,” ಎನ್ನುತ್ತಿದ್ದರಂತೆ ಇವರು. “ಇರೋರ್ನ ನಾನೇ ಎಂಗೆ ಸಾಯಿಸ್ಲಿ?”

ಅಜ್ಜಿಯ ಸೊಸೆ ಎಂದರೆ ನನಗೆ ಸೋದರಮಾವನ ಹೆಂಡತಿ ಆಗಬೇಕು. ಅದಕ್ಕೆ ನಾನು ಅವರನ್ನು ಅತ್ತಮ್ಮ ಎನ್ನುತ್ತಿದ್ದೆ.

ಮೊದಲ ಹೆರಿಗೆ ತವರಿನಲ್ಲಿಯೇ ಆಗಬೇಕು. ನಾನು ಬಸುರಿಯಾದಾಗ ನಲ್ಲೂರಿನ ನಮ್ಮತ್ತೆ, ಅಂದರೆ ನಿಮ್ಮ ತಾತನ ತಾಯಿ, ಒಲೆಯ ಮುಂದೆ ಕೂತು, “ನಿಮ್ಮಜ್ಜಿ ಎಲ್ಲಿದ್ರೆ ಅದೇ ನಿನ್ನ ತವರು. ಛತ್ರ ಆದ್ರೇನು, ಸೂರು ಐತಲ್ಲ,” ಎಂದರು. ನಿಮ್ಮ ತಾತ ಗಾಡಿ ಕಟ್ಟಿ ಕರೆದುಕೊಂಡು ಬಂದವರು ಬೀದಿಯ ತಿರುವಿನಲ್ಲಿಯೇ ಇಳಿಸಿದರು. ಬಾಗಿಲವರೆಗೆ ಬರಲು ಅವರಿಗೂ ಸಂಕೋಚ. ಗಂಟು ಹಿಡಿದುಕೊಂಡು ಆ ಹೊಟ್ಟೆಯಲ್ಲಿ ನಾನೊಬ್ಬಳೇ ನಡೆದು ಹೋದೆ.

ಹಜಾರದಲ್ಲಿ ಗಲಾಟೆಯಾಯಿತು. ಬಾಗಿಲ ಪಕ್ಕದ ಮಂಚದ ಅಜ್ಜಿ, “ಇದು ಸಾಯೋರ ಮನೆ. ಹೆರೋರ್ನ ಯಾರು ಕರ್ಕೊಂಬಂದ್ರು ಇಲ್ಗೆ?” ಎಂದರು. ಇನ್ನೊಬ್ಬರು ಹೆರಿಗೆ ಮೈಲಿಗೆಯಲ್ಲಿ ತಮ್ಮ ಶನಿವಾರದ ಒಪ್ಪೊತ್ತು ಕೆಡುತ್ತದೆ ಎಂದರು. ನಮ್ಮಜ್ಜಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಅತ್ತಮ್ಮ ಹಿಟ್ಟಿನ ಕೈಯಲ್ಲೇ ಬಂದು ನನ್ನ ಗಂಟು ತೆಗೆದುಕೊಂಡು, “ನನ್ನ ಕೋಣೇಲಿ ಇರ್ತಾಳೆ ಬುಡ್ರಿ. ಹಿತ್ತಲ ಬಾಗ್ಲಲ್ಲಿ ಓಡಾಡ್ತಾಳೆ, ನಿಮ್ಮ ಒಪ್ಪೊತ್ತಿಗೆ ಏನೂ ಆಗಲ್ಲ,” ಎಂದರು. ಅವತ್ತಿನಿಂದ ಅವರ ಚಾಪೆ ಜಗಲಿಗೆ ಹೋಯಿತು.

ಅವರ ಕೆಲಸ ನಾನು ನೋಡಿದ್ದು ಆಗಲೇ. ಬೆಳಿಗ್ಗೆ ಯಾರದಾದರೂ ಹಾಸಿಗೆ ಒದ್ದೆಯಾಗಿದ್ದರೆ, ಅವರು ಚೊಂಬು ನೀರು ಹಿಡಿದು ಅತ್ತ ಹೋಗಿ, ಎಡವಿದ ಹಾಗೆ ಮಾಡಿ ಆ ಮಂಚದ ಮೇಲೇ ಚೆಲ್ಲಿಬಿಡುತ್ತಿದ್ದರು. ಇಡೀ ಹಜಾರ ಎದ್ದು ಕೂತು ಬೈಯುತ್ತಿತ್ತು. “ನಿಮ್ಮಮ್ಮ ಚೊಂಬು ಹಿಡಿಯಾದೂ ಕಲಿಸ್ಲಿಲ್ವೇನೆ?” “ಇವಳ್ನ ತಂದ್ಕೊಂಡಿದ್ದೇ ನಮ್ಮ ಗ್ರಾಚಾರ.” ಎಲ್ಲಕ್ಕಿಂತ ಜೋರಾಗಿ ಬೈಯುತ್ತಿದ್ದವರು ಹಾಸಿಗೆ ಒದ್ದೆ ಮಾಡಿಕೊಂಡವರೇ. ಅತ್ತಮ್ಮ ತಲೆ ತಗ್ಗಿಸಿ, “ತಪ್ಪಾಯ್ತು ಅತ್ತೆ,” ಎಂದು ಹಾಸಿಗೆ ಎತ್ತಿಕೊಂಡು ಬಾವಿಯ ಕಟ್ಟೆಗೆ ಹೋಗುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು. ಯಾರೂ ಒಂದು ದಿನವೂ ಬಾಯಿ ಬಿಡಲಿಲ್ಲ.

ನಮ್ಮಜ್ಜಿಗೆ ಬೇರೆಯವರ ಕೈಯಲ್ಲಿ ಮೈ ತೊಳೆಸಿಕೊಳ್ಳುವುದೆಂದರೆ ಪ್ರಾಣ ಹೋದ ಹಾಗೆ. ಬಚ್ಚಲಿನಲ್ಲಿ ಸೀರೆ ಬಿಗಿಯಾಗಿ ಹಿಡಿದುಕೊಂಡು ನಡುಗುತ್ತಿದ್ದರು. ಅತ್ತಮ್ಮ ಬೆನ್ನ ಹಿಂದೆ ನಿಂತು, “ಸಾರಿಗೆ ಉಪ್ಪು ಜಾಸ್ತಿ ಆಗಿತ್ತಲ್ಲ ನೆನ್ನೆ, ಅದ್ಕೆ ಈಗ ಬೈರಿ,” ಎನ್ನುತ್ತಿದ್ದರು. ಅಜ್ಜಿ ಬೈಯಲು ಶುರು ಮಾಡಿದರೆ ಉಪ್ಪಿನಿಂದ ಹಿಡಿದು ಅತ್ತಮ್ಮನ ನಡಿಗೆಯವರೆಗೂ ಬೈದು ಮುಗಿಸುವ ಹೊತ್ತಿಗೆ ನೀರೂ ಮುಗಿದಿರುತ್ತಿತ್ತು. ಮೈ ಮೇಲೆ ಬಟ್ಟೆ ಇಲ್ಲದ್ದು ಅವರ ನೆನಪಿಗೇ ಬರುತ್ತಿರಲಿಲ್ಲ. ನಾನು ಬಾಣಂತಿಯಾದಾಗ ನನ್ನ ಬಟ್ಟೆಗಳನ್ನೂ ಅವರೇ ಒಗೆದರು. ನಾಚಿಕೆಯಿಂದ ನಾನು ಕಂಬಳಿಯೊಳಗೆ ಮುಖ ಮುಚ್ಚಿಕೊಂಡರೆ, ನನಗೆ ಮಾತ್ರ, “ನಿಂಗೆ ಬೈಯಕ್ಕೆ ಬರಲ್ಲ, ಅದೇ ಕಷ್ಟ ನಿನ್ನ ಜೊತೆ,” ಎಂದಿದ್ದರು.

ಇನ್ನೂ ಒಂದು ಇದೆ. ಹಬ್ಬದ ದಿನ ಹೊಸಲಿಗೆ ಅರಿಸಿನ ಕುಂಕುಮ ಇಡಲು, ದೇವರ ದೀಪ ಹಚ್ಚಲು ಆ ಮನೆಯಲ್ಲಿ ಬೇರೆ ಮುತ್ತೈದೆಯೇ ಇರಲಿಲ್ಲ. ಅವತ್ತು ಮಾತ್ರ ಕೆಲಸದವಳಿಗೆ ಮಣೆ. ಮುದುಕಿಯರು ಹಿಂದೆ ಸರಿದು ನಿಂತು, “ಹಚ್ಚಮ್ಮ, ಹಚ್ಚು,” ಎನ್ನುತ್ತಿದ್ದರು. ದೀಪ ಹಚ್ಚಿದ ಮೇಲೆ ಮತ್ತೆ, “ನೀರು ಕಾಯ್ತೇನೆ?”

ನನಗೆ ಹಸಿರು ಬಳೆ ತೊಡಿಸಿ ಮಡಿಲು ತುಂಬುವುದು ಎಂದು ನಿಶ್ಚಯವಾಯಿತು. ಯುದ್ಧದ ಕಾಲ, ಅಕ್ಕಿ ಸಿಗುವುದೇ ಕಷ್ಟ. ದೊಡ್ಡಮ್ಮನವರು ತಮ್ಮ ಮನೆಯದನ್ನೇ ತೆಗೆದಿಟ್ಟರು. ತುಂಬುವವರು ಯಾರು ಎಂಬ ಪ್ರಶ್ನೆಯೇ ಬರಲಿಲ್ಲ. ಮಕ್ಕಳಾಗದ ಹೆಂಗಸನ್ನು ಬಸುರಿಯ ಮಡಿಲು ತುಂಬಲು ಬೇರೆ ಕಡೆ ಯಾರೂ ಕರೆಯುವುದಿಲ್ಲ. ಇಲ್ಲಿ ಕುಂಕುಮ ಇದ್ದ ಹಣೆ ಅದೊಂದೇ. ಅತ್ತಮ್ಮ ಹಳೆಯ ಸೀರೆಯೊಂದನ್ನು ಗಂಜಿ ಹಾಕಿ ಒಣಗಿಸಿದ್ದರು.

ಅದಕ್ಕೆ ಕೆಲವೇ ದಿನ ಮುಂಚೆ, ಮಧ್ಯಾಹ್ನ, ನಾವಿಬ್ಬರೇ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದೆವು. ಉಳಿದವರು ಒಳಗೆ ಮಲಗಿದ್ದರು. ಪೇಟ ಸುತ್ತಿದ ಒಬ್ಬ ಗಂಡಸು ಬಂದು ಮೆಟ್ಟಿಲ ಕೆಳಗೆ ನಿಂತ. ಅತ್ತಮ್ಮನ ಗಂಡನ ದಾಯಾದಿಯಂತೆ. ಕೋಲಾರದ ಕಡೆಯಿಂದ ಬಂದಿದ್ದೇನೆ ಎಂದ. ಕೂರಲಿಲ್ಲ.

“ಅಣ್ಣ ಹೋಗ್ಬುಟ್ಟ ಕಣತ್ತಿಗೆ. ಶಿವರಾತ್ರಿ ಹಿಂದ್ಲ ವಾರ. ಎದೆ ಕಾಯಿಲೆ.”

ಅತ್ತಮ್ಮ ಕೈಯಲ್ಲಿದ್ದ ಹಣ್ಣಿನ ಬೀಜ ತೆಗೆದು ಬದಿಗೆ ಹಾಕಿದರು. “ತಿಥಿ?”

“ಮಗ ಮಾಡ್ದ.”

“ಮಗ,” ಎಂದರು ಅತ್ತಮ್ಮ. “ಒಬ್ನೇನಾ?”

“ಇಬ್ರು ಗಂಡು, ಒಂದು ಹೆಣ್ಣು. ಅಲ್ಲೇ ಸಂಸಾರ ಇತ್ತು. ನಿಮ್ಗೆ ಗೊತ್ತು ಅಂದ್ಕೊಂಡಿದ್ದೆ.”

“ಗೊತ್ತಿತ್ತು,” ಎಂದರು. ಗೊತ್ತಿರಲಿಲ್ಲ ಎನ್ನುವುದು ನನಗೂ ಕಾಣುತ್ತಿತ್ತು, ಅವನಿಗೂ ಕಾಣುತ್ತಿತ್ತು. ಆಮೇಲೆ ಒಳಗೆ ಹೋಗಿ ಮುದ್ದೆ, ಸಾರು ತಂದು ಅವನಿಗೆ ಉಣ್ಣಲು ಬಡಿಸಿ, ಕೈಗೆ ನೀರು ಹಾಕಿ ಕಳಿಸಿದರು. ಮತ್ತೆ ಬಂದು ಕೂತು ಹುಣಸೆಹಣ್ಣು ಎತ್ತಿಕೊಂಡರು. ನಾನು ನೆಲ ನೋಡುತ್ತಾ ಕೂತಿದ್ದೆ.

“ಕೇಳಿಸ್ಕೊಂಡಾ?”

ಹೂಂ ಎಂದೆ.

“ಈಗ ಎದ್ದು ಬಾವಿತಾವ ಹೋಗಿ ಬಳೆ ಒಡ್ಕೊಂಡು ಬಂದ್ರೆ ನಂಗೆ ಮಂಚ. ಒಳ್ಗೆ ಒಂದು ಖಾಲಿ ಬಿದ್ದೈತೆ.” ಅದರ ಹಿಂದಿನ ತಿಂಗಳು ಒಬ್ಬ ಅಜ್ಜಿ ತೀರಿಕೊಂಡಿದ್ದರು. “ನಿಂಗೆ ತುಂಬೋರು ಯಾರೂ ಇರಲ್ಲ. ಬೀದಿಯಿಂದ ಯಾರ್ನಾದ್ರೂ ಕರೆದ್ರೆ ಈ ಮನೆ ಒಳ್ಗೆ ಬರಲ್ಲ ಅಂತಾರೆ.”

ನಾನು ಬೀಜಗಳನ್ನು ಒಂದೆಡೆ ಗುಡ್ಡೆ ಮಾಡಿದೆ.

“ಶಿವರಾತ್ರಿಯಿಂದ ಕುಂಕುಮ ಇಟ್ಕೊಂಡೇ ಇದೀನಲ್ಲ,” ಎಂದರು, ತಮಗೇ ಹೇಳಿಕೊಳ್ಳುವವರ ಹಾಗೆ. “ಯುಗಾದಿ ದೀಪ ಹಚ್ಚಿದೆ. ಹೊಸ್ಲಿಗೆ ಇಟ್ಟೆ. ಯಾರಿಗೂ ಏನೂ ಆಗ್ಲಿಲ್ಲ. ಇನ್ನೊಂದಿಷ್ಟು ದಿನ ಇಟ್ಕೊಂಡ್ರೆ?” ಆಮೇಲೆ ನನ್ನ ಕಡೆ ತಿರುಗಿದರು. “ನೀನು ಹೇಳು. ಹೊಟ್ಟೆ ನಿಂದು.”

ನನಗೆ ಭಯವಾಯಿತು. ಇವರು ತುಂಬಿದರೆ ಏನಾಗುತ್ತದೋ ಎಂದು ಒಂದು ಭಯ. ಯಾರೂ ತುಂಬದೆ ಹೆತ್ತರೆ ನಮ್ಮತ್ತೆ ಜೀವಮಾನವಿಡೀ ಏನು ಅನ್ನುತ್ತಾರೋ ಎಂದು ಇನ್ನೊಂದು. “ನೀವೇ ತುಂಬಿ ಅತ್ತಮ್ಮ,” ಎಂದೆ. ಅವರು ಮೇಲೆ ನೋಡಲಿಲ್ಲ. “ಸರಿ. ಯಾರಿಗೂ ಹೇಳ್ಬೇಡ,” ಎಂದರು.

ಗಂಜಿ ಹಾಕಿದ ಆ ಸೀರೆ ಉಟ್ಟುಕೊಂಡು ಅವರೇ ತುಂಬಿದರು. ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆ ಅಡಿಕೆ. ಹುಣಸೆಯ ಕಪ್ಪು ಹೋಗಲೆಂದು ಕೈಯನ್ನು ಬೂದಿಯಲ್ಲಿ ಉಜ್ಜಿ ಉಜ್ಜಿ ಕೆಂಪಾಗಿಸಿಕೊಂಡಿದ್ದರು. ನಾನು ಅವರ ಮುಖ ನೋಡಲಿಲ್ಲ. ಸೆರಗಿನಲ್ಲಿ ಬೀಳುತ್ತಿದ್ದ ಅಕ್ಕಿಯನ್ನೇ ನೋಡುತ್ತಿದ್ದೆ. ಒಪ್ಪೊತ್ತಿನ ಅಜ್ಜಿ ಹಿಂದಿನಿಂದ, “ನಿಧಾನಕ್ಕೆ ಹಾಕೇ, ಚೆಲ್ಲೀಯಾ,” ಎಂದರು.

ಮರುದಿನ ದೊಡ್ಡಮ್ಮನವರು ಬಂದು, ಆವತಿಯಿಂದ ಒಬ್ಬಳು ಮಂಚ ಕೇಳಿಕೊಂಡು ಬಂದಿದ್ದಾಳೆ ಎಂದರು. ಅತ್ತಮ್ಮನ ಮಂಡಿಯ ಕಡೆ ನೋಡುತ್ತಾ, “ನಿಂಗೇ ಕೊಡೋಣ ಅಂತ ಇಟ್ಟಿದ್ದೆ. ಕೊನೇ ಸಲ ಕೇಳ್ತೀನಿ,” ಎಂದರು.

ನಾನು ಕೋಣೆಯ ಬಾಗಿಲಲ್ಲಿ ನಿಂತಿದ್ದೆ.

“ಆವತಿಯೋರಿಗೇ ಕೊಡಿ ದೊಡ್ಡಮ್ಮಾರೆ. ಪಾಪ, ಬಂದವ್ಳೆ.”

ಆವತಿಯವರು ಅವತ್ತೇ ಸಂಜೆ ತಮ್ಮ ಗಂಟು ಮಂಚದ ಕೆಳಗೆ ತಳ್ಳಿದರು. ಮಾರನೆಯ ಬೆಳಿಗ್ಗೆ ಅವರೂ, “ಸೊಸೆ, ನೀರು ಕಾಯ್ತಾ?” ಎಂದರು. ಅತ್ತಮ್ಮ ಜಗಲಿಯ ಕಂಬ ಹಿಡಿದು ಎದ್ದರು.

ನಿಮ್ಮ ಅಪ್ಪ ಬೀಸುವ ಕೋಣೆಯಲ್ಲಿ ಹುಟ್ಟಿದ. ಮೈಲಿಗೆ ಎಂದವರೇ ಮೊದಲು ಬಾಗಿಲಿಗೆ ಬಂದರು. ಹೊರಗಿನಿಂದಲೇ, “ಗಂಡೋ ಹೆಣ್ಣೋ ಹೇಳೇ, ಕಾಲು ನೋಯ್ತದೆ,” ಎಂದರು. ಹೆಸರಿಡುವ ಶಾಸ್ತ್ರಕ್ಕೆ ಮತ್ತೆ ಮುತ್ತೈದೆ ಬೇಕಾಯಿತು. ಅತ್ತಮ್ಮ ಬೆಳಿಗ್ಗೆ ಮೇಣ ಹಚ್ಚಿಕೊಳ್ಳುವಾಗ ನಾನು ಎದ್ದಿದ್ದರೆ ಗೋಡೆಯ ಕಡೆ ತಿರುಗಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಕದ್ದು ತಿನ್ನುವವರಿಗೆ ಇರುವಂಥ ನಾಚಿಕೆ ಇತ್ತು. ನನಗೂ ಅದೇ ಇತ್ತು. ಇಬ್ಬರೂ ಒಂದೇ ತಟ್ಟೆಯಿಂದ ತೆಗೆದುಕೊಳ್ಳುತ್ತಿದ್ದೆವು.

ಐದನೆಯ ತಿಂಗಳಿಗೆ ನಮ್ಮತ್ತೆ ನನ್ನನ್ನೂ ಮಗುವನ್ನೂ ಕರೆದುಕೊಂಡು ಹೋಗಲು ಬಂದರು. ಹೊಸಲು ದಾಟಿ ಒಳಗೆ ಬರಲಿಲ್ಲ, ಊಟ ಮಾಡಲಿಲ್ಲ. ಮೊಮ್ಮಗನನ್ನು ಎತ್ತಿಕೊಂಡು, “ಮಡಿಲು ತುಂಬಿದ್ದು ಯಾರು?” ಎಂದು ಮಾತ್ರ ಕೇಳಿದರು. ಅಜ್ಜಿ ಅತ್ತಮ್ಮನನ್ನು ತೋರಿಸಿದರು. ಆ ಕುಂಕುಮ ನೋಡಿ ನಮ್ಮತ್ತೆಯ ಮುಖ ಸ್ವಲ್ಪ ಸಡಿಲವಾಯಿತು. “ಹಂಗಾದ್ರೆ ಸರಿ. ಕುಂಕುಮ ಕೊಡಮ್ಮ, ಹೊರಡ್ತೀವಿ,” ಎಂದು ಹಣೆ ಮುಂದೆ ಮಾಡಿದರು.

ಅತ್ತಮ್ಮ ಕುಂಕುಮದ ಭರಣಿ ತಂದರು. ಬೆರಳು ಅದ್ದಿದರು. ನಮ್ಮ ಮಾವನವರು ಗಾಡಿಯ ಮೂಕಿಯ ಹತ್ತಿರ ನಿಂತು ಎತ್ತಿನ ಕೊರಳು ಸವರುತ್ತಿದ್ದರು. ಅತ್ತಮ್ಮ ಅವರ ಕಡೆ ನೋಡಿದರು. ಬೆರಳನ್ನು ಸೆರಗಿಗೆ ಒರೆಸಿಕೊಂಡು, ಭರಣಿಯನ್ನು ಹೊಸಲ ಮೇಲೆ ಇಟ್ಟು, “ಹುಣಸ್ಹಣ್ಣಿನ ಕೈ, ಅಂಟು. ನೀವೇ ಇಟ್ಕೊಳಿ ತಾಯಿ,” ಎಂದರು. ನಮ್ಮತ್ತೆಗೆ ಅದು ವಿಚಿತ್ರ ಎನಿಸಿತು. ಆದರೂ ತಾವೇ ಇಟ್ಟುಕೊಂಡರು. ನಾನು ಮಾತ್ರ ಗಾಡಿಯಲ್ಲಿ ಕೂತ ಮೇಲೂ ಹೊಸಲ ಮೇಲಿನ ಆ ಭರಣಿಯನ್ನೇ ತಿರುಗಿ ನೋಡುತ್ತಿದ್ದೆ. ಯಾರಿಗೂ ಏನೂ ಆಗಲಿಲ್ಲ ಎಂದವರು ಒಳಗೆ ಇಷ್ಟು ಹೆದರಿದ್ದರು ಎಂದು ನನಗೆ ಅವತ್ತು ಗೊತ್ತಾಯಿತು.

ನಾವು ಹೋದ ಮಾರನೆಯ ದಿನವೇ ಅವರು ಬಾವಿಯ ಹತ್ತಿರ ಹೋಗಿ ಎಲ್ಲ ತೆಗೆದು ಬಂದರಂತೆ. ಸುದ್ದಿ ಈಗ ಬಂತು ಎಂದು ದೊಡ್ಡಮ್ಮನವರಿಗೆ ಹೇಳಿದರಂತೆ. ಮಂಚ ಖಾಲಿಯಿರಲಿಲ್ಲ. ನಮ್ಮಜ್ಜಿ ತೀರಿಕೊಂಡಾಗ, ಎರಡು ವರ್ಷ ಬಿಟ್ಟು, ಅಜ್ಜಿಯ ಮಂಚವೇ ಅವರಿಗೆ ಸಿಕ್ಕಿತು.

ಸ್ವಾತಂತ್ರ್ಯ ಬಂದ ವರ್ಷ ನಿಮ್ಮ ತಾತ ಬಾವಿ ತೋಡುವಾಗ ಮಣ್ಣು ಕುಸಿದು ತೀರಿಕೊಂಡರು. ನಿಮ್ಮ ಅಪ್ಪನಿಗೆ ಆಗ ಮೂರು ವರ್ಷ. ತಿಥಿ ಕಳೆದ ಮೇಲೆ ಒಂದು ದಿನ ಅತ್ತಮ್ಮ ನಲ್ಲೂರಿಗೆ ಬಂದರು. ಆ ಮಂಡಿಯಲ್ಲಿ ದೇವನಹಳ್ಳಿಯಿಂದ ಹೇಗೆ ಬಂದರೋ. ಅಂಗಳದಲ್ಲಿ ನಿಂತರು. ನಾನು ಒಳಗೆ ಮೂಲೆಯಲ್ಲಿ ಕೂತಿದ್ದವಳು ಧ್ವನಿ ಕೇಳಿ ಬಾಗಿಲ ಸಂದಿಗೆ ಬಂದೆ. ಅವರ ಹಣೆ ಬರಿದಾಗಿದ್ದನ್ನು ನಾನು ನೋಡಿದ್ದು ಅವತ್ತೇ. ಮೇಣ ಹಚ್ಚುತ್ತಿದ್ದ ಜಾಗ ಬೆಳ್ಳಗೆ ದುಂಡಗೆ ಉಳಿದಿತ್ತು.

ನಮ್ಮತ್ತೆ, “ಒಳಗೆ ಬಾ,” ಎಂದರು.

“ಬರಲ್ಲ ತಾಯಿ. ಒಂದು ಮಾತು ಹೇಳ್ಬುಟ್ಟು ಹೋಗ್ತೀನಿ. ಇವಳ ಮಡಿಲು ತುಂಬ್ದಾಗ ನಾನು ಮುತ್ತೈದೆ ಆಗಿರ್ಲಿಲ್ಲ. ಗೊತ್ತಿದ್ದೂ ತುಂಬ್ದೆ.”

ಜಗಲಿಯ ಮೇಲೆ ಮಾವನವರಿದ್ದರು. ಅವರು ಎದ್ದು ಹಿತ್ತಲ ಕಡೆ ಹೊರಟುಹೋದರು. ಮಗ ಸತ್ತ ಮೇಲೆ ನಮ್ಮತ್ತೆಗೆ ಕಿರುಚಿ ಅತ್ತು ಅತ್ತು ಗಂಟಲು ಬಿದ್ದುಹೋಗಿತ್ತು.

“ಅವತ್ತು ನನ್ನ ಹಣೆಗೆ ಇಡಕ್ಕೆ ನಿನ್ನ ಕೈ ಬರ್ಲಿಲ್ಲ,” ಎಂದರು. “ನನ್ನ ಗಂಡನ್ನ ಉಳಿಸ್ದೆ. ನನ್ನ ಮಗನ್ನ ಯಾಕವ್ವ ಉಳಿಸ್ಲಿಲ್ಲ?”

“ನಿಮ್ಮ ಮುಂದೆ ನಿಂತಾಗ ಹೆದ್ರಿಕೆ ಆಯ್ತು. ಇವಳ ಮುಂದೆ ಕೂತಾಗ ಆಸೆ ಆಗ್ಬುಟ್ಟಿತ್ತು.”

“ಏನಾಸೆ?”

“ಒಂದು ಹೆಣ್ಣಿನ ಮಡಿಲು ತುಂಬ್ಬೇಕು ಅಂತ. ಮಕ್ಕಳಿಲ್ದೋಳ್ನ ಇನ್ಯಾರು ಕರೀತಿದ್ರು ನನ್ನ?”

ಇಷ್ಟು ದಿನ ಅವರು ನನಗಾಗಿ ಮಂಚ ಬಿಟ್ಟರು ಎಂದೇ ತಿಳಿದು ಕುಗ್ಗಿದ್ದೆ. ಅವರಿಗೂ ಏನೋ ಬೇಕಾಗಿತ್ತು ಎನ್ನುವುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಗಂಡನ ಮನೆಗೆ ಬಂದ ಮೇಲೆ ಯಾರಾದರೂ ಕೇಳದೆ ನಾನು ಬಾಯಿ ಬಿಟ್ಟವಳಲ್ಲ. ಬಾಗಿಲ ಸಂದಿಯಿಂದಲೇ, “ನಂಗೂ ಗೊತ್ತಿತ್ತು. ನಾನೇ ತುಂಬಿ ಅಂದಿದ್ದು,” ಎಂದೆ. ಧ್ವನಿ ಹೊರಗೆ ಬಂತೋ ಇಲ್ಲವೋ ನನಗೇ ತಿಳಿಯಲಿಲ್ಲ.

ನಮ್ಮತ್ತೆ ತಿರುಗಿ ನೋಡಲಿಲ್ಲ. “ಇಬ್ರೂ ಸೇರಿ ಮಾಡಿದ್ರಿ,” ಎಂದರು. ಆಮೇಲೆ, “ಬಿಸ್ಲೈತೆ. ಅವಳ ಕಾಲು ಬಗ್ತಾ ಇಲ್ಲ. ತೋಪು ದಾಟಾವರ್ಗೂ ಜೊತೇಲಿ ಹೋಗಿ ಬಾ,” ಎಂದರು.

ಹೊಸದಾಗಿ ಗಂಡನನ್ನು ಕಳೆದುಕೊಂಡವಳು ಹಗಲು ಹೊತ್ತು ಬೀದಿಗೆ ಕಾಣಬಾರದು. ನಮ್ಮತ್ತೆಗೆ ಅದು ಗೊತ್ತಿರಲಿಲ್ಲ ಎಂದಲ್ಲ. ನಾನು ಸೆರಗು ಎಳೆದುಕೊಂಡು ಹೊರಗೆ ಬಂದೆ. ಇಬ್ಬರೂ ಬೀದಿಯಲ್ಲಿ ನಡೆದೆವು. ಬಾಗಿಲುಗಳಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಒಳಗೆ ಸರಿದರು. ಅತ್ತಮ್ಮ ನನ್ನ ತೋಳು ಹಿಡಿಯಲಿಲ್ಲ, ನಾನೂ ಕೊಡಲಿಲ್ಲ. ಊರ ಕೊನೆಯಲ್ಲಿ ಒಬ್ಬ ರೈತ ಸಂತೆಗೆಂದು ಗಾಡಿಯಲ್ಲಿ ಮೂಟೆ ಹೇರಿಕೊಂಡು ಪಕ್ಕದ ಓಣಿಯಿಂದ ಎದುರಿಗೆ ಬಂದ. ನಮ್ಮ ಹಣೆಗಳನ್ನು ನೋಡಿದ. ನಾವು ಪಕ್ಕಕ್ಕೆ ಸರಿದು ಬೇಲಿಗೆ ಮುಖ ಮಾಡಿ ನಿಂತರೂ, ಅವನು ಮೂಟೆಗಳ ಸಮೇತ ಎತ್ತನ್ನು ಕಷ್ಟಪಟ್ಟು ತಿರುಗಿಸಿಕೊಂಡು ಊರೊಳಗೆ ವಾಪಸು ಹೋದ.

ಅತ್ತಮ್ಮ ಗಾಡಿ ಮರೆಯಾಗುವವರೆಗೂ ನೋಡಿ, “ಒಬ್ಳೇ ಆಗಿದ್ರೆ ನೀರು ಕುಡ್ದು ಮತ್ತೆ ಹೊರಡ್ತಿದ್ದ. ಇಬ್ರನ್ನ ನೋಡವ್ನೆ. ಇನ್ನು ಮುಂದ್ಲ ಸಂತೆಗೇ ಹೋಗಾದು,” ಎಂದರು.

ನಾನು ನಕ್ಕುಬಿಟ್ಟೆ. ಧ್ವನಿ ಬರುವ ಹಾಗೆ ನಕ್ಕೆ. ನಿಮ್ಮ ತಾತ ಮಣ್ಣಾಗಿ ಇನ್ನೂ ತಿಂಗಳಾಗಿರಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಅತ್ತಮ್ಮ ನನ್ನ ಕಡೆ ನೋಡದೆ, ಕಾಲು ಎಳೆಯುತ್ತಾ ತೋಪಿನ ನೆರಳಿಗೆ ಇಳಿದು ದೇವನಹಳ್ಳಿಯ ದಾರಿ ಹಿಡಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಮನೆಗೆ ಬಂದಾಗ ನಮ್ಮತ್ತೆ ಬಾಗಿಲಲ್ಲೇ ಕೂತಿದ್ದರು. ನಗು ಇನ್ನೂ ಮುಖದಲ್ಲಿ ಉಳಿದಿರಬಹುದು ಎಂದು, ನಾನು ತಲೆಯೆತ್ತದೆ ಅವರನ್ನು ಬಳಸಿಕೊಂಡು ಒಳಗೆ ಹೋಗಿ ಮೂಲೆಯಲ್ಲಿ ಗೋಡೆಯ ಕಡೆ ತಿರುಗಿ ಕೂತೆ.